ಗ್ಯಾರೇಜಿಗೆ ತಂದ ಹಳೆಯ ದೀಪ: ದೋಷ ಎಲ್ಲಿದೆಯೆಂದು ಹುಡುಕುವ ಕ್ರಮ

ಹಳೆಯ ಕಾರ್ಖಾನೆ, ಗೋದಾಮುಗಳಿಂದ ಕಳಚಿ ಬಂದ ಎನಾಮಲ್ ಶೇಡುಗಳು, ತಂತಿಯ ಪಂಜರದೊಳಗೆ ದಪ್ಪ ಗಾಜಿನ ಬುರುಡೆಯಿರುವ ಗೋಡೆ ದೀಪಗಳು, ಉದ್ದನೆಯ ಟ್ಯೂಬ್‌ಲೈಟ್ ಪೆಟ್ಟಿಗೆಗಳು ಮನೆಯ ಗ್ಯಾರೇಜಿಗೆ ಚೆನ್ನಾಗಿ ಒಪ್ಪುತ್ತವೆ. ಧೂಳು, ಎಣ್ಣೆ, ಅದುರುವಿಕೆಗಳ ನಡುವೆ ಬೆಳಕು ಕೊಡಲೆಂದೇ ಅವುಗಳನ್ನು ಮಾಡಿದ್ದು. ಆದರೆ ಇಂಥ ದೀಪ ಕೈಗೆ ಸಿಕ್ಕವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಅದನ್ನು ತೊಳೆದು, ಉಜ್ಜಿ, ಹೊಳಪು ಬರಿಸುವುದು. ನಾನೂ ಹಾಗೆಯೇ ಮಾಡಿದ್ದೆ. ಹಸಿರು ಎನಾಮಲ್ಲಿನ ಒಂದು ಶೇಡನ್ನು ಹೋಲ್ಡರ್ ಸಮೇತ ಸಾಬೂನು ನೀರಿನಲ್ಲಿ ಅದ್ದಿ ತಿಕ್ಕಿ, ಎರಡು ದಿನ ಬಿಸಿಲಿಗಿಟ್ಟು, ತೂಗುಹಾಕಿ ಸ್ವಿಚ್ ಒತ್ತಿದಾಗ ದೀಪ ಹೊತ್ತುವ ಬದಲು ಆರ್‌ಸಿಸಿಬಿ (ವಿದ್ಯುತ್ ಸೋರಿದಾಗ ಸರಬರಾಜನ್ನು ತಾನೇ ಕಡಿಯುವ ರಕ್ಷಣಾ ಸ್ವಿಚ್) ಟ್ರಿಪ್ ಆಯಿತು. ಆ ದೋಷವನ್ನು ಪತ್ತೆಹಚ್ಚಲು ಒಂದು ವಾರ ಬೇಕಾಯಿತು. ಹೋಲ್ಡರಿನ ಬುಡದಲ್ಲಿ ಇದ್ದಿರಬಹುದಾದ ಮಸಿಯ ಗೆರೆಯಾಗಲಿ, ಕರಗಿದ ರಬ್ಬರಿನ ಕಲೆಯಾಗಲಿ, ಹಸಿರು ಕಿಲುಬಾಗಲಿ ಒಂದೂ ಉಳಿದಿರಲಿಲ್ಲ. ಅವನ್ನೆಲ್ಲ ನಾನೇ ತೊಳೆದುಹಾಕಿದ್ದೆ.

ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಹೊಳಪು ಕಟ್ಟಕಡೆಗೆ ಬರುತ್ತದೆ. ಹಳೆಯ ದೀಪದ ಮೇಲಿನ ಕೊಳೆಯನ್ನು ಅದರ ಕಾಯಿಲೆಯ ದಾಖಲೆಯೆಂದು ಎಣಿಸಿ ಮೊದಲು ಓದಬೇಕು, ಅನಂತರ ವಿದ್ಯುತ್ ಇಲ್ಲದೆ ಅಳೆಯಬೇಕು, ಅದಾದ ಮೇಲೆಯೇ ವಿದ್ಯುತ್ ಕೊಟ್ಟು ನೋಡಬೇಕು. ನಾನು ಬಿಚ್ಚಿ ನೋಡಿದ ದೀಪಗಳ ಮಟ್ಟಿಗೆ ಹೇಳುವುದಾದರೆ ದೋಷ ಬಹುಪಾಲು ಎರಡೇ ಕಡೆ ಅಡಗಿರುತ್ತದೆ: ಒಂದು, ಲೋಹಕ್ಕೆ ಲೋಹ ತಾಗುವ ಸಂದು, ಇನ್ನೊಂದು, ಬಲ್ಬಿನ ಶಾಖಕ್ಕೆ ವರ್ಷಗಟ್ಟಲೆ ಬೆಂದ ತಂತಿಯ ಹೊದಿಕೆ.

ಕೆಲಸ ಶುರುಮಾಡುವ ಮುನ್ನ ಒಂದು ಮಾತು. ಇಲ್ಲಿ ಹೇಳಿರುವ ಬಹುತೇಕ ಪರೀಕ್ಷೆಗಳನ್ನು ದೀಪವನ್ನು ಗೋಡೆಯಿಂದ ಅಥವಾ ತೊಲೆಯಿಂದ ಪೂರ್ತಿ ಕಳಚಿ ಮೇಜಿನ ಮೇಲಿಟ್ಟೇ ಮಾಡಬೇಕು. ಸ್ವಿಚ್ ಆರಿಸಿದರೆ ಸಾಲದು. ಎಂಸಿಬಿಯನ್ನೇ (ವಿದ್ಯುತ್ ಮಿತಿಮೀರಿದಾಗ ಸರ್ಕ್ಯೂಟನ್ನು ಕಡಿಯುವ ಸ್ವಿಚ್) ಇಳಿಸಿ, ಮೊದಲು ವಿದ್ಯುತ್ ಇರುವ ಇನ್ನೊಂದು ಕಡೆ ಟೆಸ್ಟರ್ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಂಡು, ಆಮೇಲೆ ದೀಪದ ತುದಿಗಳಿಗೆ ಹಿಡಿದು ನೋಡಬೇಕು. ಕೆಟ್ಟ ಟೆಸ್ಟರೂ ವಿದ್ಯುತ್ ಇಲ್ಲವೆಂದೇ ತೋರಿಸುತ್ತದೆ. ಗೋಡೆಯೊಳಗಿನ ವೈರಿಂಗನ್ನು ಬದಲಿಸುವ ಕೆಲಸ ಬಂದರೆ ಅದನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಗೆ ಬಿಡುವುದು ಸರಿ.

ತೊಳೆಯುವ ಮುನ್ನ ಓದುವುದು

ಒಳ್ಳೆಯ ಬೆಳಕಿನಲ್ಲಿ ಹೋಲ್ಡರಿನ ಒಳಗನ್ನು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ತಿರುಪಿನ ಬಲ್ಬ್ ಹಿಡಿಯುವ ಇ27 ಹೋಲ್ಡರಾದರೆ ತಳದ ನಡುವೆ ಹಿತ್ತಾಳೆಯ ಅಥವಾ ಕಂಚಿನ ಒಂದು ನಾಲಿಗೆ ಇರುತ್ತದೆ. ಅದರ ತುದಿಯಲ್ಲಿ ಕಪ್ಪು ಗುಳಿ ಬಿದ್ದಿದ್ದರೆ ಬಲ್ಬ್ ಸರಿಯಾಗಿ ತಾಗದೆ ಅಲ್ಲಿ ಕಿಡಿ ಹಾರುತ್ತಿತ್ತು ಎಂದರ್ಥ. ನಾಲಿಗೆ ತಳಕ್ಕೆ ಒತ್ತಿ ಮಲಗಿದ್ದರೆ ಯಾರೋ ಬಲ್ಬನ್ನು ಅತಿಯಾಗಿ ಬಿಗಿದಿದ್ದಾರೆ, ಇಲ್ಲವೇ ಶಾಖಕ್ಕೆ ಅದರ ಸ್ಪ್ರಿಂಗ್ ಗುಣ ಹೋಗಿದೆ. ಎರಡು ಮೊಳೆಗಳ ಬಿ22 ಹೋಲ್ಡರಿನಲ್ಲಿ ಸ್ಪ್ರಿಂಗಿನ ಮೇಲೆ ಕೂತ ಎರಡು ಗುಂಡಿಗಳನ್ನು ಮರದ ಕಡ್ಡಿಯಿಂದ ಒತ್ತಿ ನೋಡಬೇಕು. ಒತ್ತಿದಾಗ ಒಳಹೋಗಿ ಬಿಟ್ಟಾಗ ತಟ್ಟನೆ ಹೊರಬರಬೇಕು. ಒಂದು ಮಾತ್ರ ಒಳಗೇ ಸಿಕ್ಕಿಕೊಂಡಿದ್ದರೆ ಬಲ್ಬ್ ಒಮ್ಮೆ ಹೊತ್ತಿ ಒಮ್ಮೆ ಆರುವ ದೂರಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಹೋಲ್ಡರ್ ಯಾವುದರಿಂದ ಮಾಡಿದ್ದೆಂಬುದೂ ಮುಖ್ಯ. ಪಿಂಗಾಣಿ ಶಾಖಕ್ಕೆ ಜಗ್ಗುವುದಿಲ್ಲ, ಆದರೆ ಬಿರುಕು ಬಿಡುತ್ತದೆ; ಬಿರುಕಿನೊಳಗೆ ಗ್ಯಾರೇಜಿನ ತೇವವೂ ಎಣ್ಣೆಯ ಮಸಿಯೂ ಇಳಿದು ವಿದ್ಯುತ್ತಿಗೆ ಕಳ್ಳದಾರಿ ಮಾಡಿಕೊಡುತ್ತವೆ. ಲಿಯೋ ಬೇಕಲ್ಯಾಂಡ್ 1907ರಲ್ಲಿ ತಯಾರಿಸಿದ ಬೇಕಲೈಟ್ ಆ ಮುಂದಿನ ಹಲವು ದಶಕಗಳ ಕಾಲ ಹೋಲ್ಡರುಗಳ ಮೆಚ್ಚಿನ ವಸ್ತುವಾಗಿತ್ತು. ಅದು ಬಿರುಕು ಬಿಡುವುದಕ್ಕಿಂತ ಕೆಟ್ಟ ಕೆಲಸವೊಂದನ್ನು ಮಾಡುತ್ತದೆ: ಮೇಲ್ಮೈಯಲ್ಲಿ ಕಿಡಿ ಹರಿದ ದಾರಿ ಸುಟ್ಟು ಇದ್ದಿಲಾಗಿ, ಮರದ ಬೇರಿನಂತೆ ಕವಲೊಡೆದ ತೆಳ್ಳನೆಯ ಕಪ್ಪು ಗೆರೆ ಮೂಡುತ್ತದೆ. ಇದ್ದಿಲು ವಿದ್ಯುತ್ ವಾಹಕ. ಆ ಗೆರೆಯನ್ನು ಒರೆಸಿ ತೆಗೆಯಲು ಆಗುವುದಿಲ್ಲ, ಕೆರೆದರೂ ಆಳದಲ್ಲಿ ಉಳಿಯುತ್ತದೆ; ಅಂಥ ಹೋಲ್ಡರನ್ನು ನೆನಪಿಗೆ ಇಟ್ಟುಕೊಳ್ಳಬಹುದು, ಬಳಕೆಗಲ್ಲ. ಹಳೆಯ ಬೇಕಲೈಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್, ಉಸಿರಿನೊಳಗೆ ಹೋದರೆ ಅಪಾಯಕಾರಿ) ಬೆರೆತಿರುವ ಸಾಧ್ಯತೆಯೂ ಇರುವುದರಿಂದ ಅದನ್ನು ಒಣಗಿರುವಾಗ ಉಜ್ಜುಕಾಗದದಿಂದ ಉಜ್ಜಬಾರದು.

ದೀಪ ಉರಿಯುವಾಗ ಮೀನಿನ ವಾಸನೆ ಬರುತ್ತಿತ್ತೆಂದು ಹಿಂದಿನ ಮಾಲೀಕರು ಹೇಳಿದ್ದರೆ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೋಲ್ಡರ್, ಸ್ವಿಚ್‌ಗಳಲ್ಲಿ ಬಳಸುವ ಕೆಲವು ರಾಳಗಳು ಅತಿಯಾಗಿ ಬಿಸಿಯಾದಾಗ ಅಂಥದ್ದೇ ವಾಸನೆ ಬಿಡುತ್ತವೆ, ಅದು ಸುಟ್ಟ ವಾಸನೆಗಿಂತ ಮೊದಲೇ ಬರುತ್ತದೆ.

ಇನ್ನು ತಂತಿ. ಹತ್ತಿಯ ನೂಲು ಸುತ್ತಿದ, ಒಳಗೆ ರಬ್ಬರ್ ಇರುವ ಹಳೆಯ ತಂತಿ ಹೊರಗಿನ ತುದಿಯಲ್ಲಿ ಮೆತ್ತಗೆ, ಚೆನ್ನಾಗಿಯೇ ಕಾಣುತ್ತದೆ. ಹೆಚ್ಚಿನವರು ಮೋಸಹೋಗುವುದು ಅಲ್ಲಿಯೇ. ಹೋಲ್ಡರಿನ ತಿರುಪನ್ನು ಸಡಿಲಿಸಿ ಒಳತುದಿಯ ಎರಡು ಅಂಗುಲವನ್ನು ಹೊರಗೆಳೆದು ಮೆಲ್ಲನೆ ಬಗ್ಗಿಸಿ ನೋಡಿ. ಬೆಂದ ರಬ್ಬರ್ ಒಣಗಿದ ಎಲೆಯಂತೆ ಪುಡಿಪುಡಿಯಾಗಿ ಉದುರಿ, ನೂಲಿನ ಹೊದಿಕೆ ಮಾತ್ರ ಆಕಾರ ಹಿಡಿದು ನಿಂತಿರುತ್ತದೆ. ರಬ್ಬರಿನಲ್ಲಿದ್ದ ಗಂಧಕ ತಾಮ್ರವನ್ನು ಕಪ್ಪಾಗಿಸಿರುವುದೂ ಉಂಟು. ಹಾಗೆ ಕಪ್ಪಾದ ಎಳೆಗಳಿಗೆ ಬೆಸುಗೆ ಹಿಡಿಯುವುದಿಲ್ಲ, ತಿರುಪಿನಡಿ ಕೂರಿಸಿದರೂ ಸಂಪರ್ಕ ಸರಿಬರುವುದಿಲ್ಲ. ಇಂಥ ತಂತಿಗೆ ಟೇಪು ಸುತ್ತಿ ಉಳಿಸಿಕೊಳ್ಳುವ ಪ್ರಯತ್ನ ಬೇಡ, ಪೂರ್ತಿ ಬದಲಿಸಿ. ಹೆಚ್ಚು ಶಾಖದ ದೀಪಗಳಲ್ಲಿ ತಂತಿಯ ಮೇಲೆ ಬೂದು ಬಿಳುಪಿನ, ಉಣ್ಣೆಯಂತೆ ತುಪ್ಪುಳವೆದ್ದ ಹೊದಿಕೆ ಕಂಡರೆ ಅದು ಕಲ್ನಾರಿರಬಹುದೆಂದೇ ಭಾವಿಸಿ, ಒದ್ದೆ ಮಾಡಿ, ಕೈಗವಸು ಮತ್ತು ಸರಿಯಾದ ಮುಖಗವಸು ಧರಿಸಿ, ಕತ್ತರಿಸದೆ ಇಡಿಯಾಗಿ ಹೊರತೆಗೆದು ಚೀಲದಲ್ಲಿ ಮುಚ್ಚಬೇಕು. ಈ ಕೆಲಸದಲ್ಲಿ ಅನುಮಾನವಿದ್ದರೆ ದೀಪವನ್ನೇ ಬಿಟ್ಟುಬಿಡುವುದು ನನ್ನ ಪದ್ಧತಿ.

ಹಳೆಯ ತಂತಿಯ ಬಣ್ಣವನ್ನು ಎಂದೂ ನಂಬಬಾರದು. ಬಣ್ಣದ ಪದ್ಧತಿ ದೇಶದಿಂದ ದೇಶಕ್ಕೆ, ಕಾಲದಿಂದ ಕಾಲಕ್ಕೆ ಬದಲಾಗಿದೆ. ಅದರ ಮೇಲೆ ಹತ್ತಾರು ಕೈಗಳು ದುರಸ್ತಿ ಮಾಡಿರುತ್ತವೆ. ಬಿಚ್ಚುವ ಮೊದಲು ಒಂದು ಚಿತ್ರ ತೆಗೆದಿಟ್ಟುಕೊಂಡು, ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೀಟರಿನಿಂದಲೇ ಗೊತ್ತುಮಾಡಿಕೊಳ್ಳಬೇಕು.

ವಿದ್ಯುತ್ ಕೊಡದೆ ಅಳೆಯುವುದು

ಮಲ್ಟಿಮೀಟರನ್ನು ಓಮ್ (ವಿದ್ಯುತ್ ರೋಧದ) ಅಳತೆಗೆ ತಿರುಗಿಸಿ ಮೂರು ಅಳತೆಗಳನ್ನು ತೆಗೆದುಕೊಳ್ಳಬೇಕು. ಮೊದಲನೆಯದು ಬಲ್ಬ್ ಇಲ್ಲದೆ, ಫೇಸ್ ತುದಿಯಿಂದ ಹೋಲ್ಡರಿನ ನಡುವಿನ ನಾಲಿಗೆಗೆ, ನ್ಯೂಟ್ರಲ್ ತುದಿಯಿಂದ ತಿರುಪಿನ ಕವಚಕ್ಕೆ. ಇವೆರಡೂ ಸೊನ್ನೆಗೆ ಹತ್ತಿರ ಇರಬೇಕು, ತಂತಿಯನ್ನು ಅಲ್ಲಾಡಿಸಿದಾಗಲೂ ಅಂಕಿ ಕದಲಬಾರದು. ಅಲ್ಲಾಡಿಸಿದಾಗ 0.3 ಇದ್ದದ್ದು 5 ಅಥವಾ 10 ಆಗಿ ಮತ್ತೆ ಇಳಿದರೆ ಸಂದು ಸಡಿಲವಾಗಿದೆ. 5 ಓಮ್ ಏನು ಮಹಾ ಎನ್ನಿಸಬಹುದು. 230 ವೋಲ್ಟಿನಲ್ಲಿ 100 ವ್ಯಾಟಿನ ಬಲ್ಬ್ ಸುಮಾರು 0.43 ಆಂಪಿಯರ್ ಎಳೆಯುತ್ತದೆ, ಆಗ ಆ ಸಂದಿನಲ್ಲಿ ಸುಮಾರು ಒಂದು ವ್ಯಾಟ್ ಶಾಖ ಹುಟ್ಟುತ್ತದೆ. ಗುಂಡುಪಿನ್ನಿನ ತಲೆಯಷ್ಟು ಜಾಗದಲ್ಲಿ ಒಂದು ವ್ಯಾಟ್ ಸಂಜೆಯಿಡೀ ಕಾಯಿಸಿದರೆ ಹಿತ್ತಾಳೆ ಕಂದುತ್ತದೆ, ಸಂದು ಇನ್ನಷ್ಟು ಸಡಿಲವಾಗುತ್ತದೆ, ಶಾಖ ಮತ್ತೂ ಏರುತ್ತದೆ. ಹಳೆಯ ಹೋಲ್ಡರುಗಳು ಸುಡುವುದು ಹೀಗೆ ತಾವೇ ಬೆಳೆಸಿಕೊಂಡ ಬೇನೆಯಿಂದ.

ಎರಡನೆಯದು, ಫೇಸ್ ಮತ್ತು ನ್ಯೂಟ್ರಲ್ ನಡುವೆ, ಅವೆರಡರಿಂದ ಲೋಹದ ಮೈಗೆ. ಬಲ್ಬ್ ತೆಗೆದಿರುವಾಗ ಇಲ್ಲಿ ಏನೂ ತೋರಿಸಬಾರದು. ಆದರೆ ಮಲ್ಟಿಮೀಟರ್ ಬಳಸುವುದು ಕೆಲವೇ ವೋಲ್ಟುಗಳ ಬ್ಯಾಟರಿಯನ್ನು. ಅಷ್ಟಕ್ಕೆ ಸೋರದ ಜಾಗ 230 ವೋಲ್ಟಿಗೆ ಸೋರಬಹುದು. ಆದ್ದರಿಂದ ಎಲ್‌ಇಡಿ ಬಲ್ಬ್, ಎಲೆಕ್ಟ್ರಾನಿಕ್ ಚೋಕ್ ಯಾವುದಿದ್ದರೂ ಬೇರ್ಪಡಿಸಿ, 500 ವೋಲ್ಟಿನ ಮೆಗ್ಗರಿನಿಂದ (ಹೆಚ್ಚಿನ ವೋಲ್ಟೇಜ್ ಕೊಟ್ಟು ಸೋರಿಕೆಯನ್ನು ಅಳೆಯುವ ಮೀಟರ್) ಪರೀಕ್ಷಿಸಬೇಕು. 1 ಮೆಗಾಓಮಿಗಿಂತ ಕಡಿಮೆ ಬಂದರೆ ದೀಪವನ್ನು ಬಳಸಬಾರದು. ಹೊಸ ತಂತಿ, ಒಣಗಿದ ಪಿಂಗಾಣಿ ಇದ್ದಾಗ ಅಂಕಿ ಇದಕ್ಕಿಂತ ಬಹಳ ಮೇಲಿರುತ್ತದೆ.

ಮೂರನೆಯದು ಅರ್ಥ್ ತಂತಿಯ ತುದಿಯಿಂದ ದೀಪದ ಪ್ರತಿಯೊಂದು ಲೋಹದ ಭಾಗಕ್ಕೆ. ಎನಾಮಲ್ ಶೇಡುಗಳಲ್ಲಿ ಇಲ್ಲೊಂದು ಬಲೆ ಇದೆ. ಎನಾಮಲ್ ಎಂದರೆ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕಿನ ತಗಡಿನ ಮೇಲೆ ಕರಗಿಸಿ ಕೂರಿಸಿದ ಗಾಜು, ಗಾಜು ವಿದ್ಯುತ್ ನಿರೋಧಕ. ಶೇಡಿನ ಮೇಲೆ ತಿರುಪು ಬಿಗಿದು ಅರ್ಥ್ ತಂತಿ ಕಟ್ಟಿದ್ದು ಕಣ್ಣಿಗೆ ಕಂಡರೂ ಆ ತಿರುಪು ಗಾಜಿನ ಮೇಲೆ ಕೂತಿರುತ್ತದೆಯೇ ಹೊರತು ಉಕ್ಕನ್ನು ಮುಟ್ಟಿರುವುದಿಲ್ಲ. ದಪ್ಪ ಬಣ್ಣ ಬಳಿದ ಎರಕದ ಮೈಯಲ್ಲೂ ಇದೇ ಕಥೆ. ಅರ್ಥ್ ಬಿಂದುವನ್ನು ಹೋಲ್ಡರಿನ ಲೋಹದ ಕತ್ತಿನಲ್ಲಿ ಅಥವಾ ಬಣ್ಣ ಕೆರೆದ ಜಾಗದಲ್ಲಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಅಲ್ಲಿಂದ ಶೇಡಿನ ಬರಿಯ ಲೋಹ ಸಿಗುವ ಅಂಚಿಗೆ ಮೀಟರ್ ಹಿಡಿದು ನೋಡಬೇಕು. ಒಂದು ಓಮಿಗಿಂತ ಸಾಕಷ್ಟು ಕಡಿಮೆ ಇರಬೇಕು. ಹಳೆಯ ದೀಪಗಳಿಗೆ ಎರಡೇ ತಂತಿ ಇರುವುದು ಸಾಮಾನ್ಯ. ಗ್ಯಾರೇಜಿನ ಒದ್ದೆ ನೆಲದಲ್ಲಿ ನಿಂತು ಲೋಹದ ದೀಪವನ್ನು ಮುಟ್ಟುವವರಿಗಾಗಿ ಮೂರನೆಯ ತಂತಿಯನ್ನು ಸೇರಿಸುವುದರಲ್ಲಿ ರಾಜಿಯೇ ಇಲ್ಲ.

ದೀಪ ಹೊತ್ತುವುದೇ ಇಲ್ಲ

ಮೊದಲು ಬಲ್ಬನ್ನೇ ಅಳೆಯಿರಿ. ತಂತುವಿನ (ಫಿಲಮೆಂಟಿನ) ಬಲ್ಬ್ ತಣ್ಣಗಿರುವಾಗ ಅದರ ರೋಧ ಉರಿಯುವಾಗಿನ ರೋಧದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. 230 ವೋಲ್ಟಿನ 100 ವ್ಯಾಟ್ ಬಲ್ಬ್ ಲೆಕ್ಕದ ಪ್ರಕಾರ 529 ಓಮ್ ಇರಬೇಕು. ಮೀಟರಿನಲ್ಲಿ ಸುಮಾರು 40 ಕಂಡರೆ ಬಲ್ಬ್ ಕೆಟ್ಟಿದೆಯೆಂದು ಎಸೆಯಬೇಡಿ, ಅದೇ ಸರಿ. ಎಲ್‌ಇಡಿ ಬಲ್ಬನ್ನು ಹೀಗೆ ಅಳೆದು ಏನೂ ತಿಳಿಯುವುದಿಲ್ಲ, ಬೇರೆ ಹೋಲ್ಡರಿಗೆ ಹಾಕಿಯೇ ನೋಡಬೇಕು.

ಬಲ್ಬ್ ಸರಿಯಿದ್ದರೆ ನಡುವಿನ ನಾಲಿಗೆಯನ್ನು, ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಂಡು, ಎರಡು ಮೂರು ಮಿಲಿಮೀಟರಿನಷ್ಟು ಮೇಲೆತ್ತಿ. ಎತ್ತಿದ ನಾಲಿಗೆ ಬಲ್ಬ್ ಹಾಕಿ ತೆಗೆದ ಮೇಲೆ ಮತ್ತೆ ಮಲಗಿಬಿಟ್ಟರೆ ಅದರ ಸ್ಪ್ರಿಂಗ್ ಸತ್ತಿದೆ. ಪಿಂಗಾಣಿ ಹೋಲ್ಡರಿನ ಒಳಭಾಗವನ್ನು ಬದಲಿಸಿ. ಹೊರಗಿನ ಹಿತ್ತಾಳೆಯ ಕವಚ, ಶೇಡ್ ಹಿಡಿಯುವ ಉಂಗುರ ಹಳೆಯದೇ ಇರಲಿ, ಒಳಗಿನ ಕೆಲಸದ ಭಾಗ ಹೊಸದಿರಲಿ. ದೀಪದ ಹಳೆತನಕ್ಕೆ ಇದರಿಂದ ಕುಂದುಂಟಾಗುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಅದೂ ಸರಿಯಿದ್ದು ದೀಪ ಹೊತ್ತದಿದ್ದರೆ ಬರುವ ವಿದ್ಯುತ್ತನ್ನೇ ನೋಡಬೇಕು. ಡಿಜಿಟಲ್ ಮೀಟರ್ ಇಲ್ಲಿ ದಾರಿ ತಪ್ಪಿಸುತ್ತದೆ: ಅದರ ಒಳರೋಧ ಸಾಮಾನ್ಯವಾಗಿ 10 ಮೆಗಾಓಮಿನಷ್ಟಿರುವುದರಿಂದ, ಎಲ್ಲೋ ತುಂಡಾಗಿ ಸುಮ್ಮನೆ ಬಿದ್ದಿರುವ ತಂತಿಯೂ ಪಕ್ಕದ ಫೇಸ್ ತಂತಿಯ ಪ್ರಭಾವಕ್ಕೆ ಸಿಕ್ಕಿ 60, 80 ವೋಲ್ಟ್ ತೋರಿಸುತ್ತದೆ. ಅದೇ ಎರಡು ತುದಿಗಳಿಗೆ ತಂತುವಿನ ಬಲ್ಬ್ ಹಿಡಿದರೆ ಆ ಭೂತ ವೋಲ್ಟೇಜ್ ಮಾಯವಾಗುತ್ತದೆ. ನಿಯಾನ್ ಟೆಸ್ಟರಿನ ಸುಳಿವು ಇದಕ್ಕಿಂತ ಚೆನ್ನ. ತಂತುವಿನ ಬಲ್ಬ್ ಹೋಲ್ಡರಿನಲ್ಲಿರುವಾಗ, ಹೋಲ್ಡರಿಗೆ ತಂತಿಗಳು ಬಂದು ಸೇರುವ ಕನೆಕ್ಟರಿನ ಎರಡೂ ತಿರುಪುಗಳಲ್ಲಿ ಟೆಸ್ಟರ್ ಬೆಳಗಿದರೆ ನ್ಯೂಟ್ರಲ್ ತುಂಡಾಗಿದೆ. ಫೇಸ್ ತಂತುವಿನ ಮೂಲಕ ಹಾದು ಆಚೆ ದಡ ಸೇರಿ, ಮುಂದೆ ಹೋಗಲು ದಾರಿಯಿಲ್ಲದೆ ನಿಂತಿದೆ. ಎರಡರಲ್ಲೂ ಬೆಳಗದಿದ್ದರೆ ಫೇಸ್ ಬರುತ್ತಿಲ್ಲ. ಒಂದರಲ್ಲಿ ಮಾತ್ರ ಬೆಳಗಿಯೂ ದೀಪ ಉರಿಯದಿದ್ದರೆ ದೋಷ ಹೋಲ್ಡರಿನೊಳಗೇ ಇದೆ.

ಈ ಹಂತದಲ್ಲೇ ಫೇಸ್ ಎಲ್ಲಿ ಬಂದಿದೆಯೆಂದೂ ನೋಡಿಕೊಳ್ಳಿ. ಇ27 ಹೋಲ್ಡರಿನಲ್ಲಿ ಫೇಸ್ ನಡುವಿನ ನಾಲಿಗೆಗೇ ಬರಬೇಕು. ತಿರುಗುಮುರುಗಾದರೆ ದೀಪವೇನೋ ಚೆನ್ನಾಗಿ ಉರಿಯುತ್ತದೆ, ಆದರೆ ಬಲ್ಬ್ ತಿರುಗಿಸುವ ಬೆರಳು ತಾಗುವ ಕವಚದಲ್ಲಿ 230 ವೋಲ್ಟ್ ಕಾದಿರುತ್ತದೆ. ಯಾವ ದೂರೂ ತರದ ದೋಷವಾದ್ದರಿಂದ ಇದನ್ನು ಹುಡುಕಿಕೊಂಡೇ ಹೋಗಬೇಕು.

ಮಿನುಗುತ್ತದೆ, ಮಂಕಾಗುತ್ತದೆ

ತಟ್ಟಿದಾಗ, ಬಾಗಿಲು ದಡಾರನೆ ಮುಚ್ಚಿದಾಗ ಮಿನುಗಿದರೆ ಸಂದು ಸಡಿಲವಾಗಿದೆ. ಮೇಲೆ ಹೇಳಿದ ಮೊದಲ ಅಳತೆ ಅದನ್ನು ಹಿಡಿದುಕೊಡುತ್ತದೆ. ಗ್ಯಾರೇಜಿನ ಕಂಪ್ರೆಸರ್ ಅಥವಾ ಬಾಗಿಲಿನ ಮೋಟಾರ್ ಶುರುವಾಗುವ ಕ್ಷಣದಲ್ಲಿ ಮಾತ್ರ ಮಂಕಾದರೆ ದೀಪದ ತಪ್ಪೇನಿಲ್ಲ, ಒಂದೇ ಸರ್ಕ್ಯೂಟಿನ ಮೇಲೆ ಹೊರೆ ಹೆಚ್ಚಿದೆ. ಹೊತ್ತಿಸಿ ಹತ್ತು ಹದಿನೈದು ನಿಮಿಷವಾದ ಮೇಲೆಯೇ ಮಿನುಗಲು ಶುರುಮಾಡಿ, ಆರಿಸಿ ತಣಿಸಿದರೆ ಮತ್ತೆ ಸರಿಯಾಗುವ ದೀಪ ಹೆಚ್ಚು ಕಾಡುತ್ತದೆ. ಬಿಸಿಗೆ ಹಿತ್ತಾಳೆ ಹಿಗ್ಗಿ ನಾಲಿಗೆ ಬಲ್ಬಿನಿಂದ ಕೂದಲೆಳೆಯಷ್ಟು ದೂರವಾಗುವುದು ಇದಕ್ಕೆ ಒಂದು ಕಾರಣ. ತಣ್ಣಗಿರುವಾಗ ಮಾಡಿದ ಯಾವ ಅಳತೆಯಲ್ಲೂ ಅದು ಸಿಗುವುದಿಲ್ಲ. ದೀಪವನ್ನು ಉರಿಸಿ, ಮಿನುಗಲು ಶುರುವಾದ ಕೂಡಲೇ ಎಂಸಿಬಿ ಇಳಿಸಿ, ಬಲ್ಬನ್ನು ಕದಲಿಸದೆ, ಬಿಸಿ ಆರುವ ಮುನ್ನ ಎರಡು ತುದಿಗಳ ನಡುವೆ ಅಳೆಯಬೇಕು.

ತಂತುವಿನ ಬಲ್ಬ್ ಇದ್ದಾಗ ಸರಿಯಿದ್ದ ದೀಪ ಎಲ್‌ಇಡಿ ಹಾಕಿದ ಮೇಲೆ ಆರಿಸಿದರೂ ಮಂದವಾಗಿ ಬೆಳಗುತ್ತಿದ್ದರೆ ಮೂರು ಸಾಧ್ಯತೆಗಳಿವೆ: ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ಲನ್ನು ಕತ್ತರಿಸುತ್ತಿದೆ, ಸ್ವಿಚ್ಚಿನಲ್ಲಿ ಸೂಚಕ ನಿಯಾನ್ ಇದೆ, ಅಥವಾ ಉದ್ದನೆಯ ತಂತಿಗಳು ಒಂದಕ್ಕೊಂದು ಅಂಟಿಕೊಂಡು ಹೋಗಿರುವುದರಿಂದ ಅಲ್ಪ ಪ್ರಮಾಣದ ವಿದ್ಯುತ್ ದಾಟಿ ಬರುತ್ತಿದೆ. ಮೊದಲನೆಯದು ಅಪಾಯ, ಮಿಕ್ಕವು ಕಿರಿಕಿರಿ.

ಟ್ರಿಪ್ ಆಗುತ್ತದೆ

ಎಂಸಿಬಿ ಟ್ರಿಪ್ ಆಗುವುದಕ್ಕೂ ಆರ್‌ಸಿಸಿಬಿ ಟ್ರಿಪ್ ಆಗುವುದಕ್ಕೂ ಅರ್ಥವೇ ಬೇರೆ. ಸ್ವಿಚ್ ಒತ್ತಿದೊಡನೆ ಎಂಸಿಬಿ ಬಿದ್ದರೆ ಫೇಸ್ ನೇರವಾಗಿ ನ್ಯೂಟ್ರಲ್ಲನ್ನೋ ಅರ್ಥನ್ನೋ ಮುಟ್ಟಿದೆ. ನಾಲಿಗೆ ವಾಲಿ ಕವಚಕ್ಕೆ ತಾಗಿರುವುದು, ಕೊಳವೆಯ ಚೂಪು ಅಂಚು ತಂತಿಯ ಹೊದಿಕೆಯನ್ನು ಕೊರೆದಿರುವುದು ಸಾಮಾನ್ಯ ಕಾರಣಗಳು. ಪದೇಪದೇ ಎಂಸಿಬಿ ಏರಿಸಿ ಪರೀಕ್ಷಿಸುವ ಬದಲು, ಫೇಸ್ ತಂತಿಯಲ್ಲಿ 100 ವ್ಯಾಟಿನ ತಂತುವಿನ ಬಲ್ಬನ್ನು ಸರಣಿಯಲ್ಲಿ ಜೋಡಿಸಿದ ಪರೀಕ್ಷಾ ಬೋರ್ಡು, ಅಂದರೆ ಎಲ್ಲರೂ ಸೀರೀಸ್ ಬೋರ್ಡ್ ಎನ್ನುವುದು, ಇಂಥ ಕೆಲಸಕ್ಕೆ ಹೇಳಿಮಾಡಿಸಿದ್ದು. ದೀಪದ ಹೋಲ್ಡರಿನಲ್ಲಿ ಬಲ್ಬ್ ಇಲ್ಲದಿರುವಾಗ ಬೋರ್ಡಿನ ಬಲ್ಬ್ ಪೂರ್ತಿ ಉರಿದರೆ ಶಾರ್ಟ್ ಇದೆ. ಆಗ ತಂತಿಯನ್ನು ಒಂದೊಂದೇ ಕಡೆ ಸರಿಸುತ್ತ ಹೋದರೆ, ಬೋರ್ಡಿನ ಬಲ್ಬ್ ಆರಿದ ಜಾಗವೇ ದೋಷದ ಜಾಗ. ಸರಿಸುವುದಕ್ಕೆ ಒಣಗಿದ ಮರದ ಕಡ್ಡಿ ಬಳಸಿ, ಬರಿಗೈ ಬೇಡ.

ಆರ್‌ಸಿಸಿಬಿಯದು ಸೂಕ್ಷ್ಮ ಬುದ್ಧಿ. 30 ಮಿಲಿ ಆಂಪಿಯರಿನ ಸಾಧನವೊಂದು 15 ಮತ್ತು 30ರ ನಡುವೆ ಎಲ್ಲಿ ಬೇಕಾದರೂ ಟ್ರಿಪ್ ಆಗಬಹುದು. 230 ವೋಲ್ಟಿಗೆ 20 ಕಿಲೋಓಮಿನ ಸೋರಿಕೆ ಎಂದರೆ ಸುಮಾರು 11 ಮಿಲಿ ಆಂಪಿಯರ್. ಆ ದೀಪವೊಂದೇ ಇದ್ದರೆ ಏನೂ ಆಗದು, ಮನೆಯ ಬೇರೆ ಉಪಕರಣಗಳ ಚಿಕ್ಕಪುಟ್ಟ ಸೋರಿಕೆಯೊಂದಿಗೆ ಸೇರಿದಾಗ ಮಾತ್ರ ಬೀಳುತ್ತದೆ. ಮಳೆಗಾಲದಲ್ಲಿ ಬಿದ್ದು ಬೇಸಿಗೆಯಲ್ಲಿ ಬೀಳದಿರುವುದಕ್ಕೂ ಹೋಲ್ಡರಿನ ತೇವವೇ ಕಾರಣ. ಇದಕ್ಕಿಂತ ಗೊಂದಲಗೊಳಿಸುವ ಸಂಗತಿ ಇನ್ನೊಂದಿದೆ: ದೀಪದ ಸ್ವಿಚ್ ಆರಿಸಿಯೇ ಇದೆ, ಬೇರೆಲ್ಲೋ ಹೀಟರ್ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ಎಲ್ಲರೂ ಹೀಟರನ್ನು ದೂರುತ್ತಾರೆ. ವಾಸ್ತವದಲ್ಲಿ ಹಳೆಯ ದೀಪದೊಳಗೆ ನ್ಯೂಟ್ರಲ್ ತಂತಿ ಲೋಹದ ಮೈಗೆ ತಾಗಿರುತ್ತದೆ; ಸ್ವಿಚ್ ಕತ್ತರಿಸುವುದು ಫೇಸನ್ನು ಮಾತ್ರವಾದ್ದರಿಂದ ನ್ಯೂಟ್ರಲ್ ಸದಾ ಜೋಡಿಸಿಯೇ ಇರುತ್ತದೆ, ಹೀಟರಿನ ವಿದ್ಯುತ್ತಿನಲ್ಲಿ ಒಂದು ಪಾಲು ದೀಪದ ಮೂಲಕ ಅರ್ಥಿಗೆ ಹರಿದುಹೋಗುತ್ತದೆ. ದೀಪದ ಎರಡೂ ತಂತಿಗಳನ್ನು ಬಿಡಿಸಿ ನೋಡಿದರೆ ಅರ್ಧ ನಿಮಿಷದಲ್ಲಿ ಸತ್ಯ ತಿಳಿಯುತ್ತದೆ. ನನ್ನ ಹಸಿರು ಶೇಡಿನ ದೋಷ ಇದಾಗಿರಲಿಲ್ಲ. ಅದರ ಹೋಲ್ಡರ್ ಮತ್ತು ಲೋಹದ ಕತ್ತಿನ ನಡುವಿನ ರಟ್ಟಿನ ಬಿಲ್ಲೆ ನೀರು ಹೀರಿಕೊಂಡು ಹೊರಗೆ ಒಣಗಿ ಒಳಗೆ ಹಸಿಯಾಗಿಯೇ ಉಳಿದಿತ್ತು.

ಟ್ಯೂಬ್‌ಲೈಟ್ ಪೆಟ್ಟಿಗೆಗಳು

ಚೋಕ್ (ಟ್ಯೂಬಿಗೆ ಹರಿಯುವ ವಿದ್ಯುತ್ತನ್ನು ಮಿತಿಯಲ್ಲಿಡುವ ಸುರುಳಿ) ಮತ್ತು ಸ್ಟಾರ್ಟರ್ (ಟ್ಯೂಬನ್ನು ಹೊತ್ತಿಸುವ ಪುಟ್ಟ ಡಬ್ಬಿ) ಇರುವ ಹಳೆಯ ಪೆಟ್ಟಿಗೆ ತನ್ನ ದೋಷವನ್ನು ತಾನೇ ಹೇಳುತ್ತದೆ. ಎರಡೂ ತುದಿಗಳು ಕಿತ್ತಳೆ ಬಣ್ಣಕ್ಕೆ ಬೆಳಗಿ ನಿಂತು ನಡುಭಾಗ ಹೊತ್ತದಿದ್ದರೆ ಸ್ಟಾರ್ಟರಿನೊಳಗಿನ ಲೋಹದ ಎಲೆಗಳು ಅಂಟಿಕೊಂಡಿವೆ ಅಥವಾ ಅದರೊಳಗಿನ ಪುಟ್ಟ ಕೆಪಾಸಿಟರ್ ಶಾರ್ಟ್ ಆಗಿದೆ. ಹೊತ್ತಲು ಯತ್ನಿಸುತ್ತ ಮತ್ತೆ ಮತ್ತೆ ಮಿಂಚುತ್ತಿದ್ದರೆ ಮೊದಲು ಟ್ಯೂಬಿನ ತುದಿಗಳನ್ನು ನೋಡಿ. ಕಪ್ಪಾಗಿದ್ದರೆ ಟ್ಯೂಬಿನ ಆಯುಸ್ಸು ಮುಗಿದಿದೆ, ಇಲ್ಲದಿದ್ದರೆ ಸ್ಟಾರ್ಟರ್ ಬದಲಿಸಿ. ಏನೂ ಆಗದಿದ್ದರೆ ಟ್ಯೂಬಿನ ಒಂದೊಂದು ತುದಿಯ ಎರಡು ಪಿನ್ನುಗಳ ನಡುವೆ ಕೆಲವು ಓಮ್, ಚೋಕಿನ ಎರಡು ತುದಿಗಳ ನಡುವೆ ಕೆಲವು ಹತ್ತು ಓಮ್ ಬರುತ್ತದೆಯೇ ನೋಡಿ. ಎಲ್ಲಿ ಏನೂ ತೋರಿಸುವುದಿಲ್ಲವೋ ಅಲ್ಲಿ ತುಂಡಾಗಿದೆ. ಗುಂಯ್ ಎನ್ನುವ ಸದ್ದು ಚೋಕಿನ ತಗಡಿನ ಪದರಗಳದ್ದು. ಅದು ಪೆಟ್ಟಿಗೆಯ ತಗಡಿಗೆ ಸೇರಿ ದೊಡ್ಡದಾಗಿ ಕೇಳಿಸುತ್ತದೆ, ಚೋಕಿನ ತಿರುಪು ಬಿಗಿದರೆ ಬಹಳ ಮಟ್ಟಿಗೆ ಇಳಿಯುತ್ತದೆ.

ಹಳೆಯ ಚೋಕ್, ಕೆಪಾಸಿಟರುಗಳಿಂದ ಎಣ್ಣೆಯಂಥ ದ್ರವ ಒಸರಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಅಮೆರಿಕ 1979ರಲ್ಲಿ ನಿಷೇಧಿಸುವವರೆಗೆ ಇವುಗಳಲ್ಲಿ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕವನ್ನು ಬಳಸಲಾಗುತ್ತಿತ್ತು. ಪಿಸಿಬಿ ಇಲ್ಲವೆಂಬ ಮುದ್ರೆ ಕಾಣದ ಹಳೆಯ ಬಿಡಿಭಾಗವನ್ನು ಅಪಾಯಕಾರಿ ತ್ಯಾಜ್ಯವೆಂದೇ ವಿಲೇವಾರಿ ಮಾಡಬೇಕು. ಪಾದರಸವಿರುವ ಟ್ಯೂಬಿಗೂ ಇದೇ ನಿಯಮ.

ಯಂತ್ರ ತಿರುಗುವ ಗ್ಯಾರೇಜಿನಲ್ಲಿ ಈ ಪೆಟ್ಟಿಗೆಗಳಿಗೆ ಇನ್ನೊಂದು ದೋಷವಿದೆ, ಅದನ್ನು ಯಾವ ಮೀಟರೂ ತೋರಿಸುವುದಿಲ್ಲ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಇಂಥ ಟ್ಯೂಬ್ ಸೆಕೆಂಡಿಗೆ 100 ಬಾರಿ ಹೊತ್ತಿ ಆರುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಚಕ್ರ ಆ ಬೆಳಕಿನಲ್ಲಿ ನಿಂತಂತೆ ಕಾಣಬಹುದು. ಗ್ರೈಂಡರ್, ಲೇತುಗಳ ಮೇಲೆ ಹಳೆಯ ಚೋಕಿನ ಟ್ಯೂಬ್ ಒಂದನ್ನೇ ನೆಚ್ಚಿಕೊಳ್ಳದೆ, ಮಿನುಗದ ಇನ್ನೊಂದು ದೀಪವನ್ನು ಜೊತೆಗಿಡಬೇಕು.

ಎತ್ತರದ ಛಾವಣಿಯಿಂದ ಬಂದ ಪಾದರಸದ ದೀಪಗಳು ಹೊತ್ತಿಸಿದ ಮೇಲೆ ಪೂರ್ತಿ ಬೆಳಕಿಗೆ ಬರಲು ನಾಲ್ಕೈದು ನಿಮಿಷ ಹಿಡಿಯುವುದೂ, ಆರಿಸಿದರೆ ತಣಿಯುವವರೆಗೆ ಮತ್ತೆ ಹೊತ್ತದಿರುವುದೂ ದೋಷವಲ್ಲ, ಅವುಗಳ ಸ್ವಭಾವ. ಹೊರಗಾಜು ಒಡೆದ ಮೇಲೂ ಉರಿಯುತ್ತಿರುವುದು ಮಾತ್ರ ದೊಡ್ಡ ದೋಷ. ಆಗ ಹೊರಬರುವ ನೇರಳಾತೀತ ಕಿರಣ ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ. 2013ರ ಮಿನಮಾಟ ಒಪ್ಪಂದವು ಸಾಮಾನ್ಯ ಬೆಳಕಿಗಾಗಿ ಬಳಸುವ ಇಂಥ ದೀಪಗಳ ತಯಾರಿಕೆ, ಆಮದು, ರಫ್ತುಗಳಿಗೆ 2020ರ ಗಡುವು ಹಾಕಿತ್ತು. ಹಾಗಾಗಿ ಇವುಗಳ ಚೋಕನ್ನು ದುರಸ್ತಿ ಮಾಡುವ ಬದಲು ತೆಗೆದುಹಾಕಿ, ಶೇಡನ್ನು ಉಳಿಸಿಕೊಂಡು ಎಲ್‌ಇಡಿಗೆ ಬದಲಿಸುವುದೇ ಜಾಣತನ.

ಹಾಗೆ ಹಾಕಿದ ಎಲ್‌ಇಡಿ ಕೆಲವೇ ತಿಂಗಳಲ್ಲಿ ಸತ್ತರೆ ಬಲ್ಬನ್ನು ಬೈಯುವ ಮುನ್ನ ಶೇಡನ್ನು ನೋಡಿ. ಮುಚ್ಚಿದ ಗಾಜಿನ ಬುರುಡೆಯಲ್ಲಿ ಶಾಖಕ್ಕೆ ಹೊರದಾರಿ ಇಲ್ಲ. ಎಲ್‌ಇಡಿಯ ಬುಡದಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಸ್ಸು ತಾಪಮಾನ 10 ಡಿಗ್ರಿ ಏರಿದಂತೆ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಮುಚ್ಚಿದ ದೀಪಗಳಿಗೆಂದೇ ಗುರುತಿಸಿದ, ಕಡಿಮೆ ವ್ಯಾಟಿನ ಬಲ್ಬನ್ನು ಆರಿಸಬೇಕು.

ಮರುಜೋಡಣೆ, ಕಡೆಗೆ ಹೊಳಪು

ಹೊಸ ತಂತಿಗೆ ತಂತುವಿನ ಬಲ್ಬಿನ ಶಾಖವಿದ್ದರೆ 180 ಡಿಗ್ರಿ ತಡೆಯುವ ಸಿಲಿಕಾನ್ ಹೊದಿಕೆಯದ್ದನ್ನು ಬಳಸಿ. 70 ಡಿಗ್ರಿಯ ಸಾಮಾನ್ಯ ಪಿವಿಸಿ ಅಲ್ಲಿ ಗಟ್ಟಿಯಾಗಿ ಒಡೆಯುತ್ತದೆ. ತೂಗುದೀಪದ ಭಾರ ಸರಪಳಿ ಅಥವಾ ಕೊಳವೆಯ ಮೇಲೆ ಬೀಳಬೇಕು, ತಿರುಪಿನಡಿಯ ತಾಮ್ರದ ಎಳೆಗಳ ಮೇಲಲ್ಲ. ಬ್ಯಾಟರಿ ಚಾರ್ಜ್ ಮಾಡುವ ಮೇಜಿನ ನೇರ ಮೇಲೆ ತೆರೆದ ಹೋಲ್ಡರಿನ ದೀಪ ಬೇಡ; ಅಲ್ಲಿ ಹೊಮ್ಮುವ ಹೈಡ್ರೋಜನ್ ಮೇಲಕ್ಕೇರುತ್ತದೆ. ಪೆಟ್ರೋಲಿನ ಆವಿ ಇದಕ್ಕೆ ವಿರುದ್ಧವಾಗಿ ನೆಲ ಹಿಡಿದು ಹರಡುತ್ತದೆ, ಆದ್ದರಿಂದ ಕೆಳಗಿಟ್ಟು ಬಳಸುವ ಕೈದೀಪಕ್ಕೆ ಹಳೆಯ ಸಾಮಾನು ಸಲ್ಲದು.

ಈಗ ಹೋಲ್ಡರ್ ಹೊರಗಿಟ್ಟು ಶೇಡನ್ನು ತೊಳೆಯಬಹುದು. ಎನಾಮಲ್ಲಿಗೆ ಸಾಬೂನು ನೀರು ಸಾಕು. ಹುಳಿ ಪದಾರ್ಥಗಳು ಅದರ ಗಾಜಿನ ಹೊಳಪನ್ನು ತಿನ್ನುತ್ತವೆ. ಅಲ್ಯೂಮಿನಿಯಮ್ಮಿಗೆ ಕಾಸ್ಟಿಕ್ ಸೋಡ ತಾಗಿಸಬಾರದು. ಎನಾಮಲ್ ಎದ್ದುಹೋದ ಕಡೆ ತುಕ್ಕನ್ನಷ್ಟೇ ಕೆರೆದು ಬಣ್ಣ ಮುಟ್ಟಿಸಿ, ಸುತ್ತಲಿನದನ್ನು ಹಾಗೇ ಬಿಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣಗಿರುವಾಗ ಉಜ್ಜದೆ ಒದ್ದೆ ಮಾಡಿಯೇ ಉಜ್ಜಿ.

ಎಲ್ಲ ಜೋಡಿಸಿದ ಮೇಲೆ ಮೊದಲು ಸೀರೀಸ್ ಬೋರ್ಡಿನಲ್ಲಿ, ಆಮೇಲೆ ನೇರವಾಗಿ ಎರಡು ಗಂಟೆ ಉರಿಸಿ, ವಿದ್ಯುತ್ ಬಿಡಿಸಿ, ಇನ್ನೂ ಬಿಸಿಯಿರುವಾಗಲೇ ಮೆಗ್ಗರ್ ಹಿಡಿಯಿರಿ. ತಣ್ಣಗಿದ್ದಾಗಿನ ಅಂಕಿಗಿಂತ ಅದು ಬಹಳ ಕೆಳಗಿಳಿದಿದ್ದರೆ ಎಲ್ಲೋ ತೇವವೋ ಬಿರುಕೋ ಉಳಿದಿದೆ, ಮತ್ತೆ ಬಿಚ್ಚಬೇಕು. ಸರಿಯಿದ್ದರೆ ಆ ಎರಡೂ ಅಂಕಿಗಳನ್ನೂ ದಿನಾಂಕವನ್ನೂ, ಗರಿಷ್ಠ ಎಷ್ಟು ವ್ಯಾಟಿನ ಬಲ್ಬ್ ಹಾಕಬಹುದೆಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಛಾವಣಿಗೆ ತಾಗುವ ಬಟ್ಟಲಿನ ಒಳಮೈಗೆ ಅಂಟಿಸಿಡುತ್ತೇನೆ. ಮುಂದೆ ಈ ದೀಪವನ್ನು ಬಿಚ್ಚುವವರಿಗೆ ಹೋಲಿಸಿ ನೋಡಲು ಒಂದು ಅಳತೆ ಸಿಕ್ಕಂತಾಗುತ್ತದೆ.